ಚಕ್ಕೋತ ಮತ್ತು ಗರ್ಭಿಣಿಯ ಊಟ



ಕಿತ್ತಳೆ, ಮೂಸಂಬಿ, ನಿಂಬೆಗಳನ್ನು ತಾವೆಲ್ಲರೂ ಬಲ್ಲಿರಿ. ಅದೇ ಕುಲಕ್ಕೆ ಸೇರಿದ ಚಕ್ಕೋತದ ಗುಣವನ್ನು ಬಲ್ಲವರು ಕಡಿಮೆ. ಬೆಂಗಳೂರಿನ ಸಮೀಪದ ದೇವನಹಳ್ಳಿಯ ಚಕ್ಕೋತಕ್ಕೆ ಭೌಗೋಳಿಕ ಸೂಚಿಯ ಮಾನ್ಯತೆಯೂ ದೊರೆತಿದೆ. ಆದರೆ ಹಿತ್ತಲಿನ ಮರದ ಹಣ್ಣು ಸಂತೆಗೆ ಹೋಗಿ, ಅದೇ ಮನೆಯ ಗರ್ಭಿಣಿ ರಕ್ತಹೀನತೆಯಿಂದ ಬಳಲುವುದುಂಟು. ಇದು ತಪ್ಪಬೇಕು.

ಸಿಪ್ಪೆ ಮತ್ತು ದಪ್ಪನೆಯ ಬಿಳಿಯ ಪದರವನ್ನು ತೆಗೆದ 100 ಗ್ರಾಂ ತೊಳೆಗಳಲ್ಲಿ ಸುಮಾರು 89 ಗ್ರಾಂ ನೀರಿರುತ್ತದೆ. ಶರ್ಕರಪಿಷ್ಟ 9ರಿಂದ 10 ಗ್ರಾಂ. ನಾರಿನ ಅಂಶ ಸುಮಾರು 1 ಗ್ರಾಂ. ಸಸಾರಜನಕ 1 ಗ್ರಾಂಗಿಂತ ಕಡಿಮೆ. ಮೇದಸ್ಸು ಇಲ್ಲವೆಂದೇ ಹೇಳಬಹುದು. ದೊರೆಯುವ ಶಕ್ತಿ ಸುಮಾರು 38 ಕ್ಯಾಲೊರಿ. ಪೊಟ್ಯಾಸಿಯಂ ಸುಮಾರು 200 ಮಿಲಿಗ್ರಾಂ ಇದೆ. ಈ ಹಣ್ಣಿನ ನಿಜವಾದ ಸಂಪತ್ತೆಂದರೆ ‘ಸಿ’ ಜೀವಸತ್ವ. ಅದು ಸುಮಾರು 60 ಮಿಲಿಗ್ರಾಂ. ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತಿನ 2020ರ ಶಿಫಾರಸಿನಂತೆ ಗರ್ಭಿಣಿಗೆ ದಿನಕ್ಕೆ 80 ಮಿಲಿಗ್ರಾಂ, ಹಾಲೂಡಿಸುವ ತಾಯಿಗೆ 115 ಮಿಲಿಗ್ರಾಂ ‘ಸಿ’ ಜೀವಸತ್ವ ಅವಶ್ಯಕ.

ಚಕ್ಕೋತದಲ್ಲಿ ಕಬ್ಬಿಣಾಂಶ ಅತ್ಯಲ್ಪ. ಹಾಗಾದರೆ ರಕ್ತಹೀನತೆಗೂ ಇದಕ್ಕೂ ಏನು ಸಂಬಂಧವೆಂದು ತಾವು ಕೇಳಬಹುದು. ರಾಗಿ, ಸೊಪ್ಪು, ಕಾಳುಗಳಲ್ಲಿ ಕಬ್ಬಿಣವಿದ್ದರೂ ದೇಹವು ಅದರಲ್ಲಿ ಅಲ್ಪ ಭಾಗವನ್ನು ಮಾತ್ರ ಹೀರಿಕೊಳ್ಳುತ್ತದೆ. ಅದೇ ಊಟದೊಡನೆ ‘ಸಿ’ ಜೀವಸತ್ವ ಸೇರಿದರೆ ಹೀರಿಕೆ ಹೆಚ್ಚುತ್ತದೆ. ಆದುದರಿಂದ ಮುದ್ದೆ ಮತ್ತು ಸೊಪ್ಪಿನ ಸಾರು ಉಣ್ಣುವಾಗಲೇ ಎರಡು ಮೂರು ತೊಳೆಗಳನ್ನು ತಿನ್ನುವುದು ಉತ್ತಮ. ಕಾಯಿಸಿದರೆ ಈ ಜೀವಸತ್ವ ನಾಶವಾಗುವುದರಿಂದ ಹಣ್ಣನ್ನು ಹಸಿಯಾಗಿಯೇ ತಿನ್ನಬೇಕು. ಬಿಡಿಸಿದ ಕೂಡಲೇ ತಿನ್ನಬೇಕು. ಊಟದ ಹಿಂದೆಮುಂದೆ ಒಂದು ಗಂಟೆಯವರೆಗೆ ಕಾಫಿ, ಚಹಾ ಬೇಡ. ಅವು ಕಬ್ಬಿಣದ ಹೀರಿಕೆಯನ್ನು ತಡೆಯುತ್ತವೆ.

ಹುಳಿ ಹಣ್ಣಿನಿಂದ ಶೀತವಾಗುವುದೆಂದು ಬಾಣಂತಿಗೆ ಇದನ್ನು ನಿಷೇಧಿಸುವ ಹಿರಿಯರಿದ್ದಾರೆ. ಅವರ ಕಾಳಜಿ ದೊಡ್ಡದು. ಆದರೆ ಶೀತ ಬರುವುದು ರೋಗಾಣುಗಳಿಂದ, ಹಣ್ಣಿನಿಂದಲ್ಲ. ಇದನ್ನು ಅವರಿಗೆ ವಿನಯದಿಂದ ತಿಳಿಸಿರಿ.

ಒಂದು ಎಚ್ಚರಿಕೆ. ಹಣ್ಣು ಮಾತ್ರೆಗೆ ಬದಲಿಯಲ್ಲ. ಗರ್ಭಿಣಿಯು ನಾಲ್ಕನೆಯ ತಿಂಗಳಿಂದ ದಿನಕ್ಕೊಂದರಂತೆ ಕನಿಷ್ಠ 180 ದಿನ ಕಬ್ಬಿಣ ಮತ್ತು ಫೋಲಿಕ್ ಆಮ್ಲದ ಮಾತ್ರೆಗಳನ್ನು ಸೇವಿಸಬೇಕು. ಅವು ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ಉಚಿತವಾಗಿ ದೊರೆಯುತ್ತವೆ. ರಕ್ತದೊತ್ತಡಕ್ಕೆ ಅಥವಾ ಕೊಲೆಸ್ಟರಾಲ್‌ಗೆ ಔಷಧಿ ಸೇವಿಸುವವರು, ಮೂತ್ರಪಿಂಡದ ಕಾಯಿಲೆಯುಳ್ಳವರು ವೈದ್ಯರನ್ನು ಕೇಳಿಯೇ ಚಕ್ಕೋತವನ್ನು ತಿನ್ನಬೇಕು.

ಗೃಹಸ್ಥರೇ, ಮನೆಮಂದಿಗೆಲ್ಲ ಬಡಿಸಿ ಕೊನೆಗೆ ಉಣ್ಣುವ ಪತ್ನಿಗೆ ಹಣ್ಣು ಉಳಿದಿದೆಯೇ ಎಂದು ನೋಡುವುದು ನಿಮ್ಮ ಹೊಣೆ. ಹಿತ್ತಲಲ್ಲಿ ಚಕ್ಕೋತವಿದ್ದರೆ ಮೊದಲ ಪಾಲು ಅವಳದಾಗಲಿ. ಇಲ್ಲದಿದ್ದರೆ ನೆಲ್ಲಿ, ಸೀಬೆ, ನಿಂಬೆಗಳೂ ಇದೇ ಕೆಲಸವನ್ನು ಮಾಡುತ್ತವೆ. ಪ್ರಸವದ ವೇಳೆ ತಾಯಿಯ ಪ್ರಾಣವನ್ನು ಕಾಯುವ ರಕ್ತಬಲವು ತಿಂಗಳುಗಟ್ಟಲೆ ಮೊದಲೇ, ಊಟದ ತಟ್ಟೆಯಲ್ಲಿಯೇ ಕೂಡಿಬರಬೇಕು.