ಇಂಗ್ಲಿಷ್ ವ್ಯಾಕರಣಕ್ಕೆ ಮನೆಮಾತಿನ ನೆರವು



ಹೊಟ್ಟೆಪಾಡಿಗಾಗಿ ನಾಡು ಬಿಟ್ಟು ನಾಸಿಕದ ಸಾತಪೂರ, ಅಂಬಡಗಳಲ್ಲಿ, ಛತ್ರಪತಿ ಸಂಭಾಜಿನಗರದ ವಾಳೂಜದಲ್ಲಿ ನೆಲೆಸಿದ ನಮಗೆಲ್ಲ ಚಿಂತೆ ಒಂದೇ: ಮಕ್ಕಳಿಗೆ ಭದ್ರವಾದ ನೌಕರಿ ದೊರೆಯಬೇಕು. ಆ ದಾರಿಯಲ್ಲಿ ಸ್ಪರ್ಧಾ ಪರೀಕ್ಷೆಯಿದೆ; ಪರೀಕ್ಷೆಯಲ್ಲಿ ಇಂಗ್ಲಿಷ್ ವ್ಯಾಕರಣವಿದೆ. ಅದಕ್ಕೆ ಅಂಜಿ ಮನೆಯೊಳಗೆ ಕನ್ನಡವನ್ನೇ ಬಿಡಿಸುವ ತಂದೆತಾಯಿಗಳು ನಮ್ಮಲ್ಲಿ ಉಂಟು. ಈ ಪರೀಕ್ಷೆಯ ಹೊಸ್ತಿಲು ದಾಟಿ ಬಂದ ಬ್ಯಾಂಕ್ ಕಾರಕೂನರಾದ ನಾವು ಅವರಲ್ಲಿ ನಾಲ್ಕು ಮಾತು ಅರಿಕೆ ಮಾಡಬಯಸುತ್ತೇವೆ.

ಸರಕಾರಿ ಬ್ಯಾಂಕುಗಳ ಕ್ಲಾರ್ಕ್ ಹುದ್ದೆಯ ಪ್ರಾಥಮಿಕ ಪರೀಕ್ಷೆಯಲ್ಲಿ 100 ಪ್ರಶ್ನೆಗಳು. ಅವುಗಳಲ್ಲಿ 30 ಇಂಗ್ಲಿಷಿನವು. ಅವಕ್ಕೆ 20 ನಿಮಿಷ. ಅಂದರೆ ಪ್ರಶ್ನೆಯೊಂದಕ್ಕೆ 40 ಸೆಕೆಂಡು. ತಪ್ಪು ಉತ್ತರಕ್ಕೆ ಕಾಲು ಅಂಕ ಕಡಿತ. ಉಳಿದ ವಿಷಯಗಳನ್ನು ಕನ್ನಡ, ಮರಾಠಿಗಳೂ ಸೇರಿ 13 ಪ್ರಾದೇಶಿಕ ಭಾಷೆಗಳಲ್ಲಿ ಉತ್ತರಿಸಲು 2021ರಲ್ಲಿ ದಾರಿ ತೆರೆಯಿತು. ಇಂಗ್ಲಿಷಿನ ಭಾಗವನ್ನು ಮಾತ್ರ ಇಂಗ್ಲಿಷಿನಲ್ಲಿಯೇ ಗೆಲ್ಲಬೇಕು.

ಆದರೆ ಅದರ ನಿಯಮಗಳನ್ನು ಕನ್ನಡದಲ್ಲಿ ಅರಿಯಬಹುದು. ‘ಒನ್ ಆಫ್ ದಿ ಬಾಯ್ಸ್’ ಎಂದ ಮೇಲೆ ‘ಹ್ಯಾಸ್ ಕಮ್’ ಎನ್ನಬೇಕೋ, ‘ಹ್ಯಾವ್ ಕಮ್’ ಎನ್ನಬೇಕೋ? ಹುಡುಗರಲ್ಲಿ ಒಬ್ಬನು ‘ಬಂದಿದ್ದಾನೆ’ ಎನ್ನುತ್ತೇವೆ, ‘ಬಂದಿದ್ದಾರೆ’ ಎನ್ನುವುದಿಲ್ಲ. ಇದನ್ನರಿತ ಮಗುವಿಗೆ ‘ಹ್ಯಾಸ್’ ತಾನಾಗಿಯೇ ಹೊಳೆಯುತ್ತದೆ. ಕೆಲವೆಡೆ ಕನ್ನಡ ದಾರಿ ತಪ್ಪಿಸುವುದೂ ಉಂಟು. ನಾವು ವಿಷಯದ ‘ಬಗ್ಗೆ’ ಚರ್ಚಿಸುತ್ತೇವೆ. ಇಂಗ್ಲಿಷಿನ ‘ಡಿಸ್ಕಸ್’ ಪದಕ್ಕೆ ‘ಅಬೌಟ್’ ಕೂಡದು. ‘ದಿ’ ಎಂಬುದಕ್ಕೆ ಸಮನಾದ ಪದವೇ ನಮ್ಮಲ್ಲಿಲ್ಲ. ಇಂತಹ ಕಡೆಗಳಲ್ಲಿ ಸತತ ಅಭ್ಯಾಸವೇ ಗತಿ.

ರಾತ್ರಿ ಊಟವಾದ ಮೇಲೆ ಹತ್ತು ವಾಕ್ಯಗಳನ್ನು ಬಿಡಿಸಲಿ. ತಪ್ಪಿದುದನ್ನು ವಹಿಯಲ್ಲಿ ಬರೆದು ಕಾರಣವನ್ನು ಕನ್ನಡದಲ್ಲಿ ಹೇಳಲಿ. ಇಂಗ್ಲಿಷ್ ಬಾರದ ತಾಯಿಯೂ ‘ಯಾಕ ತಪ್ಪಾತು, ಹೇಳು’ ಎಂದು ಕೇಳಬಲ್ಲಳು. ಮಗು ತಡವರಿಸಿದರೆ ನಿಯಮ ಇನ್ನೂ ಮನಸ್ಸಿಗೆ ಹತ್ತಿಲ್ಲವೆಂದೇ ತಿಳಿಯಬೇಕು. ವಾರಕ್ಕೊಮ್ಮೆ ಗಡಿಯಾರ ಎದುರಿಗಿಟ್ಟು 30 ಪ್ರಶ್ನೆಗಳನ್ನು ಬಿಡಿಸಲಿ.

ಇನ್ನೊಂದು ಮಾತು. ಕ್ಲಾರ್ಕ್ ಹುದ್ದೆಗೆ ಅರ್ಜಿ ಹಾಕುವವರಿಗೆ ಆಯಾ ರಾಜ್ಯದ ಭಾಷೆ ಬರಬೇಕು: ಮಹಾರಾಷ್ಟ್ರದಲ್ಲಿ ಮರಾಠಿ, ಕರ್ನಾಟಕದಲ್ಲಿ ಕನ್ನಡ. ಎರಡನ್ನೂ ಓದಿ ಬರೆಯಬಲ್ಲ ಮಗುವಿಗೆ ಎರಡು ಬಾಗಿಲುಗಳು. ಕನ್ನಡ ಬಿಡಿಸಿದರೆ ಅವುಗಳಲ್ಲೊಂದನ್ನು ನಮ್ಮ ಕೈಯಿಂದಲೇ ಮುಚ್ಚಿದಂತೆ.

ಮಾತಿನ ಗುಣದೋಷಗಳನ್ನು ತಿಳಿಸುವ ‘ಕವಿರಾಜಮಾರ್ಗ’ವು ನಮ್ಮಲ್ಲಿ 9ನೆಯ ಶತಮಾನದಲ್ಲಿಯೇ ಹುಟ್ಟಿತು. ಕಾವೇರಿಯಿಂದ ಗೋದಾವರಿಯವರೆಗೆ ಕನ್ನಡನಾಡೆಂದು ಹೇಳಿದುದೂ ಅದೇ ಗ್ರಂಥ. ಈ ಎರಡು ಊರುಗಳಲ್ಲಿಯೂ ನಾವಿಂದು ಕುಡಿಯುವುದು ಆ ಗೋದಾವರಿಯ ನೀರನ್ನೇ. ಮಕ್ಕಳು ಇಂಗ್ಲಿಷನ್ನು ಚೆನ್ನಾಗಿ ಕಲಿಯಲಿ. ಅದನ್ನು ಕನ್ನಡದ ಆಸರೆಯಿಂದಲೇ ಕಲಿಯಲಿ ಎಂದು ಬಿನ್ನವಿಸಿ ವಿರಮಿಸುತ್ತೇವೆ.