ಕೂಸು ಕಾಯುವ ಮನೆಗೂ ತಪಾಸಣೆ ಬೇಕು

(ಶ್ರೀಮಠದ ಮಾಸಿಕ ಶಿವಾನುಭವದಲ್ಲಿ ಆಡಿದ ಮಾತುಗಳ ಬರಹರೂಪ)



ಅಪ್ಪಗಳು ಫೋನ್ ಮಾಡಿ, "ಅಮೆರಿಕದಾಗ ನೀ ಏನು ಕಾಯಕ ಮಾಡ್ತಿಯೋ ಅದನ್ನ ಬಂದು ಹೇಳವ್ವಾ" ಎಂದರು. ನಾನು ದೊಡ್ಡ ಹುದ್ದೆಯಲ್ಲೇನೂ ಇಲ್ಲ. ಕ್ಯಾಲಿಫೋರ್ನಿಯಾದ ಫ್ರಿಮಾಂಟ್ ಊರಿನ ನನ್ನ ಮನೆಯಲ್ಲೇ ಬೇರೆಯವರ ಮಕ್ಕಳನ್ನು ನೋಡಿಕೊಳ್ಳುತ್ತೇನೆ. ಬೆಳಿಗ್ಗೆ ಏಳೂವರೆಗೆ ಬಿಟ್ಟು ಹೋಗುತ್ತಾರೆ, ಸಂಜೆ ಆರಕ್ಕೆ ಬಂದು ಕರೆದುಕೊಂಡು ಹೋಗುತ್ತಾರೆ. ಹನ್ನೊಂದು ವರ್ಷವಾಯಿತು. ನಮ್ಮ ಬಳಗದವರೊಬ್ಬರು, "ಎಂ.ಎಸ್ಸಿ. ಓದಿ ಆಯಾ ಕೆಲಸ ಮಾಡ್ತಾಳಂತ" ಎಂದು ನಮ್ಮ ಅಪ್ಪನ ಮುಂದೆ ಆಡಿದರಂತೆ. ಕಾಯಕದಲ್ಲಿ ಮೇಲು ಕೀಳಿಲ್ಲ ಎಂದು ಇದೇ ಮೈಕಿನ ಮುಂದೆ ಹೇಳುವವರೂ ಅವರೇ. ಇರಲಿ.

ನಾನಿವತ್ತು ಮಕ್ಕಳನ್ನು ಹೇಗೆ ಆಡಿಸಬೇಕು, ಏನು ಉಣಿಸಬೇಕು ಎಂದು ಹೇಳಲು ಬಂದಿಲ್ಲ. ಅದು ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ನಮ್ಮ ಮನೆಯ ಬಾಗಿಲು ತಟ್ಟಿ, ಹೇಳದೆ ಕೇಳದೆ ಒಳಗೆ ಬಂದು ನೋಡಿ ಹೋಗುವ ಒಬ್ಬ ಅಧಿಕಾರಿಯ ವಿಷಯ ಹೇಳಬೇಕಾಗಿದೆ. ಈ ಮಠದಲ್ಲೂ ಕೂಸುಗಳಿಗೆ ಒಂದು ಕೋಣೆ ತೆರೆಯುವ ವಿಚಾರ ನಡೆದಿದೆ ಎಂದು ಕೇಳಿದೆ. ಅದಕ್ಕೇ ಈ ಮಾತು.

ಅಲ್ಲಿ ಮನೆಯಲ್ಲಿ ಮಕ್ಕಳನ್ನು ನೋಡಿಕೊಳ್ಳಬೇಕೆಂದರೆ ರಾಜ್ಯದ ಸಮಾಜ ಸೇವಾ ಇಲಾಖೆಯಿಂದ ಲೈಸೆನ್ಸ್ ಬೇಕು. ಒಂದೇ ಒಂದು ಕುಟುಂಬದ ಮಕ್ಕಳಾದರೆ ಬೇಕಿಲ್ಲ. ಹಲವು ಮನೆಗಳ ಮಕ್ಕಳು ಬಂದರೆ ಬೇಕೇ ಬೇಕು. ಸಣ್ಣ ಲೈಸೆನ್ಸ್‌ಗೆ ಹೆಚ್ಚೆಂದರೆ 8 ಮಕ್ಕಳು, ದೊಡ್ಡದಕ್ಕೆ 14, ಆಗ ಸಹಾಯಕಿಯೊಬ್ಬಳು ಇರಬೇಕು. ಬರೀ ಎರಡು ವರ್ಷದೊಳಗಿನ ಕೂಸುಗಳೇ ಆದರೆ ಒಬ್ಬಳ ಕೈಗೆ ನಾಲ್ಕಕ್ಕಿಂತ ಹೆಚ್ಚು ಕೊಡುವುದಿಲ್ಲ. ನನ್ನ ಸ್ವಂತ ಮಗ ಹತ್ತು ವರ್ಷ ತುಂಬುವ ತನಕ ಅವನೂ ಆ ಲೆಕ್ಕದಲ್ಲೇ ಇದ್ದ. "ನನ್ನ ಮಗನನ್ನೂ ಎಣಿಸುತ್ತೀರಾ?" ಎಂದು ನಾನು ಕೇಳಿದ್ದೆ. ನಿಮ್ಮ ಕಣ್ಣು ಎರಡೇ ತಾನೆ, ಅವನ ಮೇಲೂ ಅದೇ ಕಣ್ಣು ಇರಬೇಕಲ್ಲ ಎಂದರು.

ಲೈಸೆನ್ಸ್‌ಗೆ ಮೊದಲು ತರಬೇತಿ ಆಗಬೇಕು: ಮಗುವಿಗೆ ಉಸಿರು ನಿಂತರೆ ಏನು ಮಾಡಬೇಕು, ಗಂಟಲಲ್ಲಿ ದ್ರಾಕ್ಷಿ ಸಿಕ್ಕಿಕೊಂಡರೆ ಏನು ಮಾಡಬೇಕು, ಎಲ್ಲವನ್ನೂ ಬೊಂಬೆಯ ಮೇಲೆ ಮಾಡಿಸುತ್ತಾರೆ. ಪ್ರಥಮ ಚಿಕಿತ್ಸೆಯ ಭಾಗವನ್ನು ಎರಡು ವರ್ಷಕ್ಕೊಮ್ಮೆ ಮತ್ತೆ ಕಲಿಯಬೇಕು. ಮನೆಯಲ್ಲಿ ಬೆಂಕಿ ಆರಿಸುವ ಸಿಲಿಂಡರ್, ಹೊಗೆಯಾದರೆ ಕೂಗುವ ಯಂತ್ರ ಇರಬೇಕು. ಆರು ತಿಂಗಳಿಗೊಮ್ಮೆ ಮಕ್ಕಳನ್ನೆಲ್ಲ ಹೊರಗೆ ಓಡಿಸಿ ಬೆಂಕಿಯ ಅಭ್ಯಾಸ ಮಾಡಿ, ಬರೆದಿಡಬೇಕು. ಹಿತ್ತಲಲ್ಲಿ ಈಜುಕೊಳವಿದ್ದರೆ ಸುತ್ತ ಐದಡಿ ಬೇಲಿ, ಇಲ್ಲದಿದ್ದರೆ ದೊಡ್ಡವರು ಮೇಲೆ ನಿಂತರೂ ಕುಸಿಯದಂಥ ಮುಚ್ಚಳ. ಔಷಧ, ಫಿನಾಯಿಲು, ಸೋಪಿನ ಪುಡಿ ಮಕ್ಕಳ ಕೈಗೆ ಸಿಗಬಾರದು.

ನಾನು ಇವೆಲ್ಲವನ್ನೂ ಮಾಡಿದ್ದೆ. ಆದರೂ ಮೊದಲ ತಪಾಸಣೆಯಲ್ಲಿ ಬಂದ ಹೆಣ್ಣುಮಗಳು ನಮ್ಮ ಜಗಲಿಯ ಮುಂದೆ ಮೊಣಕಾಲೂರಿ ಕೂತಳು. ನಾನು ಅವಳೂ ಕೈ ಮುಗಿಯುತ್ತಾಳೋ ಏನೋ ಅಂದುಕೊಂಡೆ! ಅವಳು ಮೂರು ವರ್ಷದ ಮಗುವಿನ ಎತ್ತರಕ್ಕೆ ಇಳಿದು ನೋಡುತ್ತಿದ್ದಳು. ಕೆಳಗಿನ ಹಲಗೆಯ ಮೇಲೆ ಕರ್ಪೂರದ ಡಬ್ಬಿ ಇತ್ತು. "ಇದು ಏನು?" ಎಂದಳು. ಹೇಳಿದೆ. "ನೋಡಲು ಸಕ್ಕರೆ ಬಿಲ್ಲೆಯ ಹಾಗಿದೆಯಲ್ಲ" ಎಂದಳು. ಕರ್ಪೂರ ತಿಂದ ಸಣ್ಣ ಮಗುವಿಗೆ ಸ್ವಲ್ಪ ಹೊತ್ತಿನಲ್ಲೇ ಫಿಟ್ಸ್ ಬರುತ್ತದೆ, ಜೀವಕ್ಕೇ ಅಪಾಯ ಎಂದು ನನಗೆ ಅವತ್ತೇ ತಿಳಿದದ್ದು. ಹುಟ್ಟಿದಾಗಿನಿಂದ ನಮ್ಮ ಮನೆಯಲ್ಲಿ ಕರ್ಪೂರ ಕೆಳಗೇ ಇರುತ್ತಿತ್ತು. ನಿಮ್ಮಲ್ಲೂ ಅಲ್ಲೇ ಇರುತ್ತದೆ. ಮನೆಗೆ ಹೋದ ಮೇಲೆ ಒಮ್ಮೆ ನೋಡಿ.

ಈಗ ನನ್ನ ತಪ್ಪಿನ ಮಾತಿಗೆ ಬರುತ್ತೇನೆ.

ಮೂರು ವರ್ಷದ ಹಿಂದೆ ನಮ್ಮ ಅತ್ತೆಯವರು ಆರು ತಿಂಗಳಿಗೆಂದು ಬಂದರು. ಕೂಸು ಕಾಯುವ ಮನೆಯಲ್ಲಿ ವಾಸ ಇರುವ 18 ತುಂಬಿದ ಪ್ರತಿಯೊಬ್ಬರೂ ಬೆರಳಚ್ಚು ಕೊಡಬೇಕು. ಹಳೆಯ ಅಪರಾಧ ಯಾವುದೂ ಇಲ್ಲ ಎಂದು ಬಂದ ಮೇಲೆಯೇ ಆ ಮನೆಯಲ್ಲಿ ಇರಬಹುದು. ನನಗೆ ಗೊತ್ತಿತ್ತು. ಗೊತ್ತಿದ್ದೂ ಮಾಡಿಸಲಿಲ್ಲ. ಎಪ್ಪತ್ತು ದಾಟಿದ, ಎರಡು ಹೊತ್ತು ಲಿಂಗಪೂಜೆ ಮಾಡಿಕೊಂಡು ಇರುವ ಮುದುಕಿಗೆ ಬೆರಳಚ್ಚು ಕೊಡಿ ಎಂದು ಯಾವ ಬಾಯಿಂದ ಕೇಳಲಿ? ನಾಳೆ ನೋಡೋಣ, ನಾಡಿದ್ದು ನೋಡೋಣ ಎಂದು ಐದು ವಾರ ಕಳೆದೆ. ನಿಜ ಹೇಳಬೇಕೆಂದರೆ ನನಗೆ ಒಂದು ಕೈ ನೆರವೂ ಸಿಕ್ಕಿತ್ತು. ಅವರು ಕೂಸುಗಳನ್ನು ನೋಡುತ್ತಿದ್ದರೆ ನಾನು ಅಡುಗೆ ಮುಗಿಸುತ್ತಿದ್ದೆ.

ಆ ವರ್ಷ ಆರು ಮಕ್ಕಳಿದ್ದರು, ಅದರಲ್ಲಿ ಎರಡು ಎಳೆಗೂಸು. ಕೂಸು ಮಲಗಿಸುವುದಕ್ಕೂ ಅಲ್ಲಿ ನಿಯಮ ಇದೆ. ವರ್ಷದೊಳಗಿನ ಮಗುವನ್ನು ಅಂಗಾತ ಮಲಗಿಸಬೇಕು. ತೊಟ್ಟಿಲಲ್ಲಿ ದಿಂಬು, ದುಪ್ಪಟಿ, ಬೊಂಬೆ ಏನೂ ಇರಬಾರದು. 15 ನಿಮಿಷಕ್ಕೊಮ್ಮೆ ಹತ್ತಿರ ಹೋಗಿ ಉಸಿರಾಟ, ಮೈಬಣ್ಣ ನೋಡಿ, ಹೊತ್ತು ಬರೆದಿಡಬೇಕು. ಇದು ಸುಮ್ಮನೆ ಮಾಡಿದ್ದಲ್ಲ. ಮಲಗಿದ್ದ ಆರೋಗ್ಯವಂತ ಕೂಸು ಮಲಗಿದ ಹಾಗೇ ತೀರಿಕೊಳ್ಳುವುದುಂಟು. ಅಮೆರಿಕದಲ್ಲಿ 1994ರಿಂದ ಕೂಸುಗಳನ್ನು ಅಂಗಾತ ಮಲಗಿಸಿ ಎಂದು ಮನೆಮನೆಗೆ ಪ್ರಚಾರ ಮಾಡಿದ ಮೇಲೆ ಅಂಥ ಸಾವುಗಳು ಅರ್ಧದಷ್ಟು ಇಳಿದವು.

ಅತ್ತೆಯವರಿಗೆ ಇದನ್ನೆಲ್ಲ ಹೇಳಿದ್ದೆ. "ನಾ ನಾಕ್ ಮಕ್ಕಳ್ನ ಜೋಲ್ಯಾಗ ಹಾಕಿ ಬೆಳಸೀನಿ, ನನಗ ಹೇಳಾಕ ಬರ್ತಿ?" ಎಂದಿದ್ದರು. ಒಂದು ಮಧ್ಯಾಹ್ನ ನಾನು ಅಡುಗೆಮನೆಯಲ್ಲಿ ಸಿಕ್ಕಿಕೊಂಡೆ. ಒಬ್ಬನಿಗೆ ವಾಂತಿ, ಇನ್ನೊಬ್ಬಳಿಗೆ ಅಳು. ನೆನಪಾಗಿ ಒಳಗೆ ಓಡಿದಾಗ 40 ನಿಮಿಷ ಆಗಿತ್ತು. ಐದು ತಿಂಗಳ ಕೂಸು ಬೋರಲು ಮಲಗಿತ್ತು, ತಲೆಯ ಮೇಲೆ ಅರ್ಧ ಉಣ್ಣೆಯ ಶಾಲು. ಚಳಿ ಆದೀತು ಎಂದು ಅತ್ತೆಯವರು ಹೊದಿಸಿ, ತಾವೂ ಪಕ್ಕದಲ್ಲಿ ಕೂತಲ್ಲೇ ತೂಕಡಿಸಿದ್ದರು. ಕೂಸನ್ನು ಎತ್ತಿದೆ. ಬೆವತಿತ್ತು. ಕಣ್ಣು ಬಿಟ್ಟು ನಕ್ಕಿತು.

ಏನೂ ಆಗಲಿಲ್ಲ. ಆಮೇಲೆ ನಾನು ಮಾಡಿದ್ದನ್ನು ಕೇಳಿ. ಸಂಜೆ ಮಕ್ಕಳೆಲ್ಲ ಹೋದ ಮೇಲೆ ರಿಜಿಸ್ಟರ್ ತೆಗೆದು, 1.00, 1.15, 1.30, 1.45 ಎಂದು ಒಂದೇ ಪೆನ್ನಿನಲ್ಲಿ ತುಂಬಿದೆ. "ನೋಡಿದೆ, ಸರಿಯಾಗಿದೆ" ಎಂದು ಬರೆದೆ. ಆ ಕೂಸಿನ ತಾಯಿಗೂ ಹೇಳಲಿಲ್ಲ.

ಒಂದು ವಾರಕ್ಕೆ ಅಧಿಕಾರಿ ಬಂದಳು. ಅತ್ತೆಯವರನ್ನು ನೋಡಿ, "ಇವರು ಯಾವಾಗ ಬಂದರು?" ಎಂದಳು. ನಾನು "ಎರಡು ದಿನ ಆಯಿತು" ಎಂದೆ. ಅಷ್ಟರಲ್ಲಿ ನಾಲ್ಕು ವರ್ಷದ ಹುಡುಗನೊಬ್ಬ "ಅಜ್ಜಿ ನಮ್ಮ ಜೊತೆ ಹಬ್ಬಕ್ಕೆ ಹೋಳಿಗೆ ಮಾಡಿದಳು" ಎಂದ. ಹಬ್ಬ ಕಳೆದು ಒಂದು ತಿಂಗಳಾಗಿತ್ತು. ಅವಳು ನನ್ನ ಮುಖ ನೋಡಿದಳು. ನಾನು ಐದು ವಾರ ಎಂದು ಒಪ್ಪಿಕೊಂಡೆ. ಆಮೇಲೆ ರಿಜಿಸ್ಟರ್ ತಿರುವಿ ಹಾಕಿ, "ಮಲಗಿಸುವ ಲೆಕ್ಕ ಬಹಳ ಅಚ್ಚುಕಟ್ಟಾಗಿದೆ" ಎಂದು ಹೊಗಳಿದಳು. ಬೈದಿದ್ದಕ್ಕಿಂತ ಆ ಹೊಗಳಿಕೆಯೇ ನನಗೆ ಹೆಚ್ಚು ನೋವಾಯಿತು.

ಬೆರಳಚ್ಚಿಲ್ಲದ ವ್ಯಕ್ತಿ ಮನೆಯಲ್ಲಿದ್ದದ್ದಕ್ಕೆ ದಿನಕ್ಕೆ 100 ಡಾಲರ್‌ನಂತೆ ಐದು ದಿನದ ದಂಡ. ಅದು ದೊಡ್ಡ ದರ್ಜೆಯ ತಪ್ಪು. ಅಂಥ ತಪ್ಪಿನ ವರದಿಯನ್ನು 30 ದಿನ ಮನೆಯಲ್ಲಿ ಎಲ್ಲರಿಗೂ ಕಾಣುವಲ್ಲಿ ಅಂಟಿಸಬೇಕು. ಪ್ರತಿ ತಂದೆತಾಯಿಗೆ ಒಂದು ಪ್ರತಿ ಕೊಟ್ಟು, ಮುಟ್ಟಿದ್ದಕ್ಕೆ ಸಹಿ ಪಡೆಯಬೇಕು. ಮುಂದಿನ ಒಂದು ವರ್ಷ ಹೊಸದಾಗಿ ಸೇರಿಸಲು ಬಂದವರಿಗೂ ಅದನ್ನು ಕೊಡಬೇಕು. ಅತ್ತೆಯವರು ಅವತ್ತೇ ಮನೆ ಬಿಡಬೇಕಾಯಿತು. ಮಿಲ್ಪಿಟಾಸ್‌ನಲ್ಲಿರುವ ವಿಜಯಪುರ ಕಡೆಯ ಕುಟುಂಬವೊಂದು ಅವರನ್ನು ಇಟ್ಟುಕೊಂಡಿತು. "ನಾನೇನ್ ಕಳ್ಳಿ ಅದೇನೇನ?" ಎಂದು ಕಾರಿನಲ್ಲಿ ಅತ್ತರು. ನನ್ನ ಹತ್ತಿರ ಉತ್ತರ ಇರಲಿಲ್ಲ.

ಬೆರಳಚ್ಚು ಕೊಡಲು ಹೋದರೆ ಯಂತ್ರಕ್ಕೆ ಸಿಗಲೇ ಇಲ್ಲ. ಐವತ್ತು ವರ್ಷ ರೊಟ್ಟಿ ಬಡಿದು, ಕಳೆ ಕಿತ್ತು, ಪಾತ್ರೆ ಬೂದಿಯಲ್ಲಿ ತಿಕ್ಕಿ ಬೆರಳ ಗೆರೆಗಳೇ ಸವೆದಿದ್ದವು. ಎರಡು ಸಲ ತಿರುಗಿ ಬಂತು. ಕೊನೆಗೆ ಹೆಸರಿನ ಮೇಲೆ ಹುಡುಕಿ ಒಪ್ಪಿಗೆ ಕೊಟ್ಟರು. ಎರಡನೆಯ ಸಲ ಹೋದಾಗ ಸರದಿಯಲ್ಲಿ ಕೂತು ಅತ್ತೆ ಕೇಳಿದರು: "ಕೂಸಿನ ಮನ್ಯಾಗ ಇರೋ ಗಂಡಸರ್ನೂ ಹಿಂಗ ಕೇಳ್ತಾರೇನು?" ಹೌದು ಎಂದೆ. "ನನ್ನ ಮಗನ್ನೂ ಕೇಳಿದ್ರ?" ನಿಮ್ಮ ಮಗನದ್ದೇ ಮೊದಲು ತೆಗೆದರು ಎಂದೆ. ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ, "ಅದು ಚಲೋ ಐತಿ ಬಿಡು" ಎಂದರು. ಯಾಕೆ ಎಂದು ನಾನು ಕೇಳಲಿಲ್ಲ. ಇಲ್ಲಿ ಕೂತಿರುವ ತಾಯಂದಿರಿಗೆ ನಾನು ಬಿಡಿಸಿ ಹೇಳಬೇಕಿಲ್ಲ. ಮಕ್ಕಳಿಗೆ ಆಗುವ ಕೆಟ್ಟದ್ದು ಬಹಳ ಸಲ ಗೊತ್ತಿದ್ದವರಿಂದಲೇ ಆಗುತ್ತದೆ.

ಅವತ್ತು ರಾತ್ರಿ ಆ ಐದು ತಿಂಗಳ ಕೂಸಿನ ತಾಯಿಗೆ ಫೋನ್ ಮಾಡಿ ಎಲ್ಲ ಹೇಳಿದೆ, ರಿಜಿಸ್ಟರಿನದ್ದೂ ಸೇರಿಸಿ. ಮರುದಿನ ಇಲಾಖೆಗೂ ಬರೆದೆ. ಆ ತಾಯಿ ಮಗುವನ್ನು ಬಿಡಿಸಿಕೊಂಡು ಹೋದಳು, ಅವಳ ಮೇಲೆ ನನಗೆ ಬೇಸರ ಇಲ್ಲ. ಇನ್ನೊಂದು ಮನೆಯವರೂ ಹೋದರು. ಉಳಿದವರು ಉಳಿದರು. ಈಗ ಮಲಗುವ ಕೋಣೆಯಲ್ಲಿ 15 ನಿಮಿಷದ ಗಂಟೆ ಇಟ್ಟಿದ್ದೇನೆ. ಅದು ಬಾರಿಸಿದಾಗ ಕೈಯಲ್ಲಿ ಏನೇ ಇದ್ದರೂ ಬಿಟ್ಟು ಹೋಗುತ್ತೇನೆ. ರಿಜಿಸ್ಟರಿನ ಬರಹ ಈಗ ಅಚ್ಚುಕಟ್ಟಾಗಿಲ್ಲ, ಹಾಲಿನ ಕಲೆ, ಸೊಟ್ಟ ಅಕ್ಷರ.

ಬೆಳಿಗ್ಗೆ ಪ್ರಸಾದದ ಹೊತ್ತಿಗೆ ಹಿರಿಯರೊಬ್ಬರು ನನಗೆ, "ತಂಗೀ, ನಮ್ಮಲ್ಲಿ ತಪಾಸಣೆ ಅಂದ್ರ ಲಂಚಕ್ಕೆ ಇನ್ನೊಂದು ಬಾಗಿಲು" ಎಂದರು. ಅವರ ಮಾತು ತಳ್ಳಿಹಾಕುವಂಥದ್ದಲ್ಲ. ಆದರೆ ಅಲ್ಲಿ ನಾನು ಕಂಡದ್ದು ಹೀಗೆ: ಅಧಿಕಾರಿ ಬರೆದ ವರದಿ ಅವಳ ಫೈಲಿನಲ್ಲಿ ಕೂತಿರುವುದಿಲ್ಲ. ಇಲಾಖೆಯ ಜಾಲತಾಣದಲ್ಲಿ ಯಾರು ಬೇಕಾದರೂ ನನ್ನ ಮನೆಯ ತಪ್ಪುಗಳನ್ನು ಓದಬಹುದು. ಜೊತೆಗೆ, ಮಗು ನನ್ನ ಮನೆಯಲ್ಲಿರುವ ಹೊತ್ತಿನಲ್ಲಿ ತಂದೆತಾಯಿ ಯಾವಾಗ ಬೇಕಾದರೂ ಹೇಳದೆ ಒಳಗೆ ಬರಬಹುದು. ಅದು ಅವರ ಹಕ್ಕು ಎಂದು ಬರೆದ ಕಾಗದ ನಮ್ಮ ಗೋಡೆಯ ಮೇಲೇ ಇದೆ. ಅಧಿಕಾರಿಗೆ ಲಂಚ ಕೊಡಬಹುದು. ಆರು ಮಂದಿ ತಾಯಂದಿರಿಗೆ ಏನು ಕೊಡುತ್ತೀರಿ?

ನಮ್ಮ ನಾಡಿನಲ್ಲೂ ಕೂಸು ಕಾಯುವ ಕೋಣೆಗಳು ಹೆಚ್ಚುತ್ತಿವೆ. 50 ಮಂದಿ ಮತ್ತು ಅದಕ್ಕಿಂತ ಹೆಚ್ಚು ಜನ ಕೆಲಸ ಮಾಡುವ ಕಡೆ ಶಿಶುಪಾಲನಾ ಕೇಂದ್ರ ಇರಬೇಕು ಎಂದು 2017ರ ಹೆರಿಗೆ ಸೌಲಭ್ಯ ತಿದ್ದುಪಡಿ ಕಾಯ್ದೆ ಹೇಳಿತು. ಉದ್ಯೋಗ ಖಾತ್ರಿಗೆ ಹೋಗುವ ತಾಯಂದಿರ ಕೂಸುಗಳಿಗೆಂದು 4,000 ಗ್ರಾಮ ಪಂಚಾಯತಿಗಳಲ್ಲಿ 'ಕೂಸಿನ ಮನೆ' ತೆರೆಯುವುದಾಗಿ ನಮ್ಮ ಸರ್ಕಾರ 2023ರಲ್ಲಿ ಹೇಳಿತು. ಒಳ್ಳೆಯ ಕೆಲಸ. ಆದರೆ ಹುಬ್ಬಳ್ಳಿಯಲ್ಲಿ ನನ್ನ ತಂಗಿಯ ಓಣಿಯಲ್ಲೇ ಒಬ್ಬ ತಾಯಿ ಒಂಬತ್ತು ಕೂಸುಗಳನ್ನು ಒಂದೇ ಕೋಣೆಯಲ್ಲಿ ಒಬ್ಬಳೇ ನೋಡಿಕೊಳ್ಳುತ್ತಾಳೆ. ಪಾಪ, ಪ್ರೀತಿಯಿಂದಲೇ ನೋಡುತ್ತಾಳೆ. ಒಂದು ಕೂಸನ್ನು ಎತ್ತಿಕೊಂಡು ಹೊರಗೆ ಓಡಬೇಕಾಗಿ ಬಂದರೆ ಉಳಿದ ಎಂಟು ಏನಾಗಬೇಕು ಎಂದು ಅವಳನ್ನು ಇದುವರೆಗೆ ಯಾರೂ ಕೇಳಿಲ್ಲ. ಪ್ರೀತಿಗೂ ಎಣಿಕೆಗೂ ಸಂಬಂಧ ಇಲ್ಲ ಎಂದು ನಾವು ಅಂದುಕೊಂಡಿದ್ದೇವೆ.

ಈಗ ಮಠದ ಕೋಣೆಯ ವಿಷಯ. ನಿನ್ನೆ ಅಪ್ಪಗಳ ಅಪ್ಪಣೆ ಪಡೆದು ನಾನೂ ಅಲ್ಲಿ ಮೊಣಕಾಲೂರಿ ನೋಡಿ ಬಂದೆ. ಗೋಡೆಗೆ ಸುಣ್ಣ ಹೊಡೆದಿದ್ದೀರಿ, ಗಾಳಿ ಬೆಳಕು ಚೆನ್ನಾಗಿದೆ. ಆದರೆ ಬಾಗಿಲಿನಿಂದ ಎಂಟು ಹೆಜ್ಜೆಗೆ ನೀರಿನ ಸಂಪಿದೆ. ಅದರ ಮೇಲಿನ ತಗಡನ್ನು ನಾನು ಒಂದೇ ಕೈಯಲ್ಲಿ ಸರಿಸಿದೆ. ಪ್ಲಗ್ಗಿನ ಬೋರ್ಡು ಮಗುವಿನ ಭುಜದ ಎತ್ತರದಲ್ಲಿದೆ. ಇವೆರಡನ್ನೂ ಒಂದು ದಿನದಲ್ಲಿ ಸರಿಮಾಡಬಹುದು. ನನಗೆ ಭಯ ಹುಟ್ಟಿಸಿದ್ದು ಮೂರನೆಯದು. ಆ ಕೋಣೆಗೂ ದಾಸೋಹದ ಜೋಳದ ಕೋಣೆಗೂ ನಡುವೆ ಇರುವುದು ಒಂದು ಹಳೆಯ ಬಾಗಿಲು, ಕೆಳಗೆ ಎರಡು ಬೆರಳು ಸಂದು. ಜೋಳಕ್ಕೆ ಹುಳು ಹಿಡಿಯಬಾರದೆಂದು ಮಾತ್ರೆ ಇಡುತ್ತೀರಲ್ಲ, ಅದಕ್ಕೆ ಗಾಳಿಯ ತೇವ ತಾಗಿದರೆ ಸಾಕು, ಫಾಸ್ಫೀನ್ ಎನ್ನುವ ವಿಷಾನಿಲ ಹೊರಡುತ್ತದೆ. ಮುಚ್ಚಿದ ಕೋಣೆಯಲ್ಲಿ ಅದು ಸಂದಿನಿಂದ ಪಕ್ಕದ ಕೋಣೆಗೆ ನುಗ್ಗುತ್ತದೆ. ದೊಡ್ಡವರಿಗಿಂತ ಬೇಗ ಕೂಸುಗಳನ್ನು ಕೊಲ್ಲುತ್ತದೆ. ಅದಕ್ಕೆ ಔಷಧವೂ ಇಲ್ಲ. ಮಾತ್ರೆಯ ಡಬ್ಬಿ ಬಾಗಿಲ ಪಕ್ಕದ ಗೂಡಿನಲ್ಲಿತ್ತು, ಬೀಗ ಇರಲಿಲ್ಲ.

ಸಮಿತಿಯವರೊಬ್ಬರು, "ಬಸವ ಜಯಂತಿಗೆ ಉದ್ಘಾಟನೆ ಅಂತ ಕಾರ್ಡು ಅಚ್ಚಾಗೈತಿ" ಎಂದರು. ಕಾರ್ಡನ್ನು ಮತ್ತೆ ಅಚ್ಚು ಹಾಕಿಸಬಹುದು. ಜೋಳದ ಕೋಣೆಯನ್ನು ಬೇರೆಡೆಗೆ ಸಾಗಿಸದ ಹೊರತು ಅಲ್ಲಿ ಒಂದು ಕೂಸನ್ನೂ ಮಲಗಿಸಬೇಡಿ ಎಂದು ನಾನು ಅಪ್ಪಗಳ ಮುಂದೆ ಸೆರಗೊಡ್ಡಿ ಕೇಳುತ್ತೇನೆ. ಸಾಗಿಸಿದ ಮೇಲೆ, ಅಲ್ಲಿ ಕೂಸು ಬಿಡುವ ತಾಯಂದಿರಲ್ಲಿ ಮೂವರು ತಿಂಗಳಿಗೊಮ್ಮೆ ಹೇಳದೆ ಬಂದು ನೋಡಲಿ. ಕಂಡದ್ದನ್ನು ಬರೆದು ಮಹಾದ್ವಾರದ ಪಕ್ಕದ ಹಲಗೆಗೆ ಅಂಟಿಸಲಿ, ದಾನಿಗಳ ಹೆಸರಿನ ಪಟ್ಟಿ ಇದೆಯಲ್ಲ, ಅದರ ಪಕ್ಕದಲ್ಲೇ. ಅವರಿಗೆ ಓದು ಬರೆಹ ಬರದಿದ್ದರೆ ಹೈಸ್ಕೂಲಿನ ಹುಡುಗಿಯೊಬ್ಬಳು ಬರೆದುಕೊಡಲಿ.

ನಾನು ಇನ್ನೂ ಹನ್ನೆರಡು ದಿನ ಊರಲ್ಲಿರುತ್ತೇನೆ. ನಾಳೆ ಬೆಳಿಗ್ಗೆ ಎಂಟಕ್ಕೆ ಆ ಕೋಣೆಯ ಹತ್ತಿರ ಬರುತ್ತೇನೆ. ಯಾರು ಬರುತ್ತೀರೋ ಬನ್ನಿ. ಸಂಪಿನ ಮುಚ್ಚಳಕ್ಕೆ ಅಳತೆ ತೆಗೆಯಲು ಬಡಿಗೇರ ಅಣ್ಣನಿಗೂ ಹೇಳಿದ್ದೇನೆ.