ವಲಸೆ ಬಂದವರೂ ಸೈನ್ಯವೂ

ನಂತೂರಿನ ನಮ್ಮ ಓಣಿಯಲ್ಲಿ ರಾತ್ರಿ ಒಂದು ಗಂಟೆಯ ಹೊತ್ತಿಗೆ ಸೀಟಿಯ ಸದ್ದು ಕೇಳುತ್ತದೆ. ಅದರ ಹಿಂದೆಯೇ ದೀಪದ ಕಂಬಕ್ಕೆ ಕೋಲಿನಿಂದ ಎರಡು ಏಟು. ಅದು ಕಿವಿಗೆ ಬಿದ್ದರೆ ನಾವು ಮಗ್ಗುಲು ಬದಲಿಸಿ ನೆಮ್ಮದಿಯಿಂದ ನಿದ್ರೆ ಹೋಗುತ್ತೇವೆ. ಕಾವಲಿನವನು ನೇಪಾಳದವನು. ಎಲ್ಲರೂ ಅವನನ್ನು ಬಹಾದೂರ್ ಎನ್ನುತ್ತೇವೆ. ಅದು ಅವನ ಹೆಸರಲ್ಲವೆಂದು ತಿಳಿಯಲು ನನಗೆ ಆರು ವರ್ಷ ಹಿಡಿಯಿತು. ಮೊನ್ನೆ ತಿಂಗಳ ಹಣಕ್ಕೆಂದು ಬಂದವನು ಜಗಲಿಯ ಕೆಳಗೆ ನಿಂತು, “ಸಾರ್, ನನ್ನ ಮಗನನ್ನು ಇಲ್ಲಿಯ ಮಿಲಿಟರಿಗೆ ತಕ್ಕೊಳ್ತಾರಾ?” ಎಂದು ಕೇಳಿದನು. ಹುಡುಗ ಹುಟ್ಟಿದ್ದೂ ಪಿ.ಯು.ಸಿ. ಓದಿದ್ದೂ ಮಂಗಳೂರಿನಲ್ಲಿಯೇ, ತುಳುವನ್ನಂತೂ ನನ್ನ ಮೊಮ್ಮಕ್ಕಳಿಗಿಂತ ಚೆನ್ನಾಗಿ ಮಾತಾಡುತ್ತಾನೆ. ವಿಚಾರಿಸಿ ಹೇಳುತ್ತೇನೆಂದು ಕಳುಹಿಸಿದೆ. ಅವನು ಗೇಟು ದಾಟಿದ ಮೇಲೆ, ಪಕ್ಕದಲ್ಲಿ ಕುಳಿತಿದ್ದ ನನ್ನ ಭಾವನವರು, “ಅಲ್ಲ ಭಾವ, ಬೇರೆ ದೇಶದವನ ಕೈಗೆ ಬಂದೂಕು ಕೊಡುವುದುಂಟೋ?” ಎಂದರು.

ಕೊಡುವುದು ಉಂಟು. 1947ರ ನವೆಂಬರದಲ್ಲಿ ಭಾರತ, ಬ್ರಿಟನ್, ನೇಪಾಳಗಳ ನಡುವೆ ಆದ ಒಪ್ಪಂದದಂತೆ, ಹತ್ತು ಗೂರ್ಖಾ ರೆಜಿಮೆಂಟುಗಳಲ್ಲಿ ಆರು ನಮ್ಮ ಪಾಲಿಗೆ ಬಂದವು. ಮುಂದೆ ಇನ್ನೊಂದನ್ನು ನಾವೇ ಕಟ್ಟಿದೆವು. ಆ ಸಿಪಾಯಿಗಳಲ್ಲಿ ಬಹು ಮಂದಿ ನೇಪಾಳದ ಪ್ರಜೆಗಳಾಗಿಯೇ ಉಳಿದು ನಮ್ಮ ಗಡಿಯಲ್ಲಿ ಪ್ರಾಣ ಕೊಟ್ಟರು. ಅಧಿಕಾರಿಗಳ ಪರೀಕ್ಷೆಗೆಂದು ಬಹುಕಾಲ ಅಚ್ಚಾಗುತ್ತಿದ್ದ ಪ್ರಕಟಣೆಯನ್ನು ಓದಿದವರಿಗೆ ಇನ್ನೂ ಕೆಲವು ಬಾಗಿಲುಗಳು ನೆನಪಿರಬಹುದು: ಭೂತಾನದ ಪ್ರಜೆ, 1962ರ ಜನವರಿ 1ಕ್ಕೆ ಮುಂಚೆ ಇಲ್ಲಿ ನೆಲಸಲೆಂದು ಬಂದ ತಿಬೇಟದ ನಿರಾಶ್ರಿತ, ಪಾಕಿಸ್ತಾನ, ಬರ್ಮಾ, ಸಿಂಹಳ, ಪೂರ್ವ ಆಫ್ರಿಕದ ದೇಶಗಳಿಂದ ಮರಳಿದ ಭಾರತ ಮೂಲದವನು. ಸರ್ಕಾರದ ಅರ್ಹತಾ ಪತ್ರವೊಂದಿದ್ದರೆ ಇಂಥವರೂ ಅಭ್ಯರ್ಥಿಗಳು.

ಕಾಗದದ ಮೇಲೆ ಇದು ಉದಾರವಾದ ನಿಯಮವೇ ಸರಿ. ನಡೆದದ್ದೇನೆಂಬುದನ್ನು ನೋಡಲು ನಮ್ಮ ನಂತೂರು ವೃತ್ತದಿಂದಲೇ ಹೊರಡಬಹುದು. ಪಂಪ್‌ವೆಲ್‌ನ ಕಡೆಗಿಳಿದು, ಪುತ್ತೂರು ದಾಟಿದರೆ ಸುಳ್ಯದ ಸೀಮೆಯ ರಬ್ಬರ್ ತೋಟಗಳು. 1964ರಲ್ಲಿ ಲಾಲ್ ಬಹಾದೂರ್ ಶಾಸ್ತ್ರಿಯವರೂ ಸಿರಿಮಾವೊ ಬಂಡಾರನಾಯಿಕೆಯವರೂ ಮಾಡಿಕೊಂಡ ಒಪ್ಪಂದದಿಂದ ಸಿಂಹಳ ಬಿಟ್ಟು ಬಂದ ತಮಿಳು ಕುಟುಂಬಗಳು ಅಲ್ಲಿ ರಬ್ಬರ್ ಹಾಲು ತೆಗೆಯುತ್ತ ನೆಲೆನಿಂತವು. ಅವರು ಕಾನೂನಿನಂತೆ ಭಾರತದ ಪ್ರಜೆಗಳು. ಮಕ್ಕಳು ಇಲ್ಲಿಯೇ ಹುಟ್ಟಿದವರು. ಆದರೂ ಊರವರ ಬಾಯಲ್ಲಿ ಅವರು ಸಿಲೋನಿನವರೇ.

ಅದೇ ದಾರಿಯಲ್ಲಿ ಸಂಪಾಜೆ ಘಟ್ಟವೇರಿ, ಮಡಿಕೇರಿ, ಕುಶಾಲನಗರ ದಾಟಿದರೆ ಬೈಲಕುಪ್ಪೆ. ಚಿನ್ನದ ಬಣ್ಣದ ಬುದ್ಧನನ್ನು ನೋಡಲು ಮಂಗಳೂರಿನಿಂದ ಹೋಗಿಬರದವರು ಕಡಿಮೆ. ಅಂದಿನ ಮೈಸೂರು ಸರ್ಕಾರ ಕಾಡಿನ ನೆಲ ಕೊಟ್ಟು ತಿಬೇಟದವರನ್ನು ಅಲ್ಲಿ ನೆಲೆಗೊಳಿಸಿತು. 1962ರ ನವೆಂಬರದಲ್ಲಿ, ಚೀನದ ಯುದ್ಧದ ಬಿಸಿಯಲ್ಲಿ, ತಿಬೇಟದ ಯುವಕರಿಂದಲೇ ಒಂದು ಗುಪ್ತಪಡೆ ಕಟ್ಟಲಾಯಿತು. ವಿಶೇಷ ಗಡಿ ಪಡೆ ಎಂಬುದು ಅದರ ಹೆಸರು. ದೇಶದ ನಾನಾ ಕಡೆಯ ನಿರಾಶ್ರಿತರ ನೆಲೆಗಳಿಂದ ಹುಡುಗರು ಅದಕ್ಕೆ ಸೇರುತ್ತ ಬಂದರು. 1971ರಲ್ಲಿ ಅವರು ಚಿಟ್ಟಗಾಂಗಿನ ಗುಡ್ಡಗಾಡಿನಲ್ಲಿ ಕಾದಿದರು. ಸುಮಾರು 50 ಮಂದಿ ಮರಳಲಿಲ್ಲ. ಪಡೆಯೇ ಗುಪ್ತವಾದುದರಿಂದ ಅವರ ಶೌರ್ಯ ಬಹುಕಾಲ ಪತ್ರಿಕೆಗಳಲ್ಲಿ ಕಾಣಲಿಲ್ಲ. 2020ರ ಆಗಸ್ಟ್ ಕೊನೆಗೆ ಪ್ಯಾಂಗಾಂಗ್ ಸರೋವರದ ಬಳಿ ನೆಲಬಾಂಬು ಸಿಡಿದು ಆ ಪಡೆಯ ನ್ಯಿಮಾ ತೆಂಜಿನ್ ತೀರಿಕೊಂಡಾಗ ಲೇಹದಲ್ಲಿ ಬಹಿರಂಗವಾಗಿ ಮರ್ಯಾದೆ ನಡೆಯಿತು. ಶವದ ಮೇಲೆ ಎರಡು ಧ್ವಜಗಳಿದ್ದವು.

ಬೈಲಕುಪ್ಪೆಯಂಥ ನೆಲೆಗಳಲ್ಲಿ ಅನೇಕರ ಕೈಯಲ್ಲಿ ಇದ್ದುದು ಮಾತ್ರ ಆಗಾಗ ಹೊಸದು ಮಾಡಿಸಬೇಕಾದ ವಿದೇಶೀಯರ ನೋಂದಣಿ ಪತ್ರ. 1950ರಿಂದ 1987ರ ಜುಲೈಗೆ ಮುಂಚೆ ಇಲ್ಲಿ ಹುಟ್ಟಿದ ತಿಬೇಟದವರು ಹುಟ್ಟಿನಿಂದಲೇ ಭಾರತೀಯರೆಂದು 2010ರಲ್ಲಿ ದೆಹಲಿಯ, 2013ರಲ್ಲಿ ಕರ್ನಾಟಕದ ಉಚ್ಚ ನ್ಯಾಯಾಲಯಗಳು ಹೇಳಬೇಕಾಯಿತು. ಇನ್ನು ಆ ಹಳೆಯ ಪ್ರಕಟಣೆಯ 1962ರ ಗಡುವನ್ನು ಲೆಕ್ಕ ಹಾಕಿ ನೋಡಿ. ಅದಕ್ಕೆ ಮೊದಲು ಬಂದ ಹಸುಳೆಗೂ ಇಂದು ಅರುವತ್ತು ಮೀರಿದೆ. ಸೈನ್ಯಕ್ಕೆ ಸೇರುವ ಪ್ರಾಯದವನು ಒಬ್ಬನೂ ಒಳಗೆ ಹೊಗಲಾರದ ಬಾಗಿಲನ್ನು ತೆರೆದಿಟ್ಟಿದ್ದೆವೆಂದಾಯಿತು!

ಭಾವನವರ ಭಯ ಹುಸಿಯೆಂದು ನಾನು ಹೇಳಲಾರೆ. ಕುಲಶೇಖರದ ಹುಡುಗನೊಬ್ಬ ಆಯ್ಕೆಯಾದರೆ ಪೋಲೀಸರಿಗೆ ಕೆಲಸ ಹಗುರ. ಶಾಲೆಯ ದಾಖಲೆ ಇದೆ, ಠಾಣೆಯ ಕಡತ ಇದೆ, ನೆರೆಯವರಿದ್ದಾರೆ. ಓಡಿಬಂದವನ ಕಾಗದಗಳು ಅವನು ಬಿಟ್ಟೋಡಿದ ದೇಶದಲ್ಲಿ ಉಳಿದಿರುತ್ತವೆ. ಅಲ್ಲಿಯ ಸರ್ಕಾರವನ್ನು ಕೇಳಿದರೆ ನಿಜವಾದ ಉತ್ತರ ಬಾರದು, ಅಲ್ಲಿರುವ ಬಂಧುಗಳಿಗೆ ಕುತ್ತು ಮಾತ್ರ ಬಂದೀತು. ನಿರಾಶ್ರಿತರ ಗುಂಪಿನಲ್ಲಿ ಗೂಢಚಾರನನ್ನು ತೂರಿಸುವುದೂ ರಾಜನೀತಿಯಷ್ಟೇ ಹಳೆಯ ಉಪಾಯ. ಪರಿಶೀಲನೆ ಬೇಕು, ಬಿಗಿಯಾಗಿಯೇ ಬೇಕು.

ಆದರೆ ಹುಟ್ಟಿದೂರನ್ನು ನೋಡಿದರೆ ಪರಿಶೀಲನೆ ಮುಗಿಯಿತೇ? ಕಾರವಾರದ ನೌಕಾನೆಲೆಯ ಗುಟ್ಟನ್ನು ಪರದೇಶಕ್ಕೆ ದಾಟಿಸಿದ ಆರೋಪದ ಮೇಲೆ 2025ರ ಫೆಬ್ರುವರಿಯಲ್ಲಿ ಬಂಧಿತರಾದವರು ಅದೇ ಜಿಲ್ಲೆಯವರು. ತೀರ್ಪು ನ್ಯಾಯಾಲಯಕ್ಕೆ ಸೇರಿದ್ದು. ಸಂಶಯವಂತೂ ಊರವರ ಮೇಲೆಯೇ ಬಂತು.

ಅಮೆರಿಕದ ಅನುಭವವನ್ನೂ ಹೇಳಬೇಕು; ನಮ್ಮ ಮಕ್ಕಳು ಓದಲು ಹೋಗುವ ದೇಶ ಅದು. ತಾತ್ಕಾಲಿಕ ವೀಸಾದಲ್ಲಿದ್ದ ವಿದೇಶೀಯರನ್ನು, ಅವರ ವೈದ್ಯವಿದ್ಯೆಗಾಗಿ, ಹಿಂದಿ ತಮಿಳುಗಳಂಥ ಭಾಷಾಜ್ಞಾನಕ್ಕಾಗಿ, ಸೈನ್ಯಕ್ಕೆ ತೆಗೆದುಕೊಂಡು ಬೇಗನೆ ಪೌರತ್ವ ಕೊಡುವ ಯೋಜನೆಯನ್ನು ಅಲ್ಲಿ 2008ರ ಕೊನೆಗೆ ಒಪ್ಪಿದರು. ಹತ್ತು ಸಾವಿರಕ್ಕೂ ಹೆಚ್ಚು ಮಂದಿ ಸೇರಿದರು. 2009ರಲ್ಲಿ ಫೋರ್ಟ್ ಹುಡ್ ಶಿಬಿರದಲ್ಲಿ ಸೇನಾವೈದ್ಯನೊಬ್ಬ ಗುಂಡು ಹಾರಿಸಿ 13 ಮಂದಿಯನ್ನು ಕೊಂದ ಮೇಲೆ ಯೋಜನೆ ಕೆಲಕಾಲ ನಿಂತಿತು. ಆ ವೈದ್ಯ ಅಮೆರಿಕದಲ್ಲಿಯೇ ಹುಟ್ಟಿದವನು! 2016ರಲ್ಲಿ ಹೊಸ ತನಿಖೆಯ ನಿಯಮಗಳು ಬಂದವು. ಆ ವೇಳೆಗೆ ಕರಾರಿಗೆ ಸಹಿ ಹಾಕಿ ಪ್ರಮಾಣ ಸ್ವೀಕರಿಸಿದ್ದವರು ತರಬೇತಿಯೂ ಇಲ್ಲದೆ ವರ್ಷಗಟ್ಟಲೆ ಕಾದರು. ಕೆಲವರ ವೀಸಾ ತೀರಿಹೋಯಿತು. 2018ರಲ್ಲಿ ಅನೇಕರನ್ನು ಕೈಬಿಟ್ಟದ್ದು ತಿಳಿದು ವ್ಯಾಜ್ಯಗಳು ನಡೆದವು. ಅಲ್ಲಿ ತನಿಖೆ ಕಠಿಣವಾಗಿತ್ತೆಂಬುದಕ್ಕೆ ನನ್ನ ಆಕ್ಷೇಪವಿಲ್ಲ. ಅದು ಪ್ರಮಾಣವಚನದ ನಂತರ ಬಂತು, ಅದಕ್ಕೆ ಗಡುವಿರಲಿಲ್ಲ. ನಾವು ತಿಬೇಟದವರ ಸೇವೆಯನ್ನು ಪಡೆದೆವು, ನೆಲೆಯ ಮಾತನ್ನು ಮುಂದೂಡಿದೆವು. ಅವರು ಪ್ರಮಾಣ ಮಾಡಿಸಿಕೊಂಡು ಅನುಮಾನವನ್ನು ಮುಂದೂಡಿದರು. ಕೇಳುವುದನ್ನೆಲ್ಲ ಮೊದಲೇ ಕೇಳಿ, ಬೇಡವಾದರೆ ಆಗಲೇ ಬೇಡವೆನ್ನಬಹುದು. ಬೇಕೆಂದು ತೆಗೆದುಕೊಂಡ ಮೇಲೆ ಅವನು ನಮ್ಮವನೆಂದು ಬರೆದುಕೊಡಬೇಕು.

ಬಹಾದೂರನ ಮಗನಿಗೆ ನಾನು ಕೊಟ್ಟ ಉತ್ತರ ಸಂತೋಷದ್ದಾಗಿರಲಿಲ್ಲ. 2020ರಲ್ಲಿ ಕೊರೋನದಿಂದ ನೇಪಾಳದ ಭರ್ತಿ ನಿಂತಿತು. 2022ರಲ್ಲಿ ಅಗ್ನಿಪಥ ಬಂದಾಗ, ನಾಲ್ಕೇ ವರ್ಷದ ಸೇವೆ ಹಳೆಯ ಒಪ್ಪಂದಕ್ಕೆ ಹೊಂದದೆಂದು ನೇಪಾಳ ಸಮ್ಮತಿಸಲಿಲ್ಲ. ಇಲ್ಲಿ ಹುಟ್ಟಿದರೂ ತಂದೆತಾಯಿ ಇಬ್ಬರೂ ನೇಪಾಳದವರಾದುದರಿಂದ, 2004ರ ನಂತರದ ಕಾನೂನಿನಂತೆ ಅವನು ಭಾರತದ ಪ್ರಜೆಯಲ್ಲ. ಉಳಿದದ್ದು ಪೌರತ್ವದ ಅರ್ಜಿ. ಅದಕ್ಕೆ ಇಷ್ಟು ವರ್ಷದ ವಾಸ ಬೇಕು, ಸಂವಿಧಾನದ ಎಂಟನೆಯ ಅನುಸೂಚಿಯ ಒಂದು ಭಾಷೆ ಬರಬೇಕು. ಕನ್ನಡ ಅದರಲ್ಲಿದೆ, ಅವನ ತುಳು ಇಲ್ಲ. ಕಡತ ಮುಗಿಯುವ ಮೊದಲು ಹುಡುಗನ ಪ್ರಾಯ ಮೀರುವುದೋ ಎಂಬುದೇ ಸಂಶಯ. ಸೈನ್ಯದ ವಯೋಮಿತಿ ಇಪ್ಪತ್ತರ ಆಸುಪಾಸಿನದು.

ಅರ್ಜಿಯ ಜೊತೆಗೆ ನಡತೆಯ ಬಗ್ಗೆ ಇಬ್ಬರು ಭಾರತೀಯರ ಪ್ರಮಾಣಪತ್ರ ಇರಬೇಕೆಂದಿದೆ. ಒಂದಕ್ಕೆ ನಾನು ಸಹಿ ಹಾಕುತ್ತೇನೆಂದೆ. ಇನ್ನೊಂದನ್ನು ಭಾವನವರ ಮುಂದಿಟ್ಟಿದ್ದೇನೆ. ಅವರು ಕನ್ನಡಕ ಹಾಕಿಕೊಂಡು ಎರಡು ಸಲ ಓದಿದರು. ಹುಡುಗನನ್ನು ಒಂದು ದಿನ ಮನೆಗೆ ಕಳುಹಿಸು, ಮಾತಾಡಿ ನೋಡುತ್ತೇನೆ ಎಂದಿದ್ದಾರೆ.